ಚೌರಿಯ ಹುಳು

ಪ್ಲಾಸ್ಟಿಕ್ಕಿನ ಹುಳು ತನ್ನನ್ನು ನೋಡಿ ನಗುತ್ತಿದೆ ಎಂದು ಪದ್ಮಯ್ಯನಿಗೆ ಅನ್ನಿಸಿತು. ಅದಕ್ಕೆ ಬಾಯಿಲ್ಲ, ಕಣ್ಣಿಲ್ಲ, ನಗುವುದಕ್ಕೆ ಬೇಕಾದ ಯಾವ ಅಂಗವೂ ಇಲ್ಲ. ಆದರೂ ಬಚ್ಚಲುಮನೆಯ ತೊಟ್ಟಿಯಲ್ಲಿ ನೂಲಿನ ತುದಿಗೆ ಕಟ್ಟಿ ಎಳೆದಾಗಲೆಲ್ಲ ತಲೆಯಿಂದ ಬಾಲದವರೆಗೆ ಒಂದು ಕುಲುಕು ಹರಿದುಹೋಗುತ್ತಿತ್ತು. ಮದುವೆಮನೆಯಲ್ಲಿ ಯಾರದ್ದೋ ಪಂಚೆ ಬಿಚ್ಚಿದ್ದನ್ನು ಕಂಡು ಬಾಯಿಮುಚ್ಚಿ ನಗುವ ಹೆಂಗಸಿನ ಭುಜದ ಹಾಗೆ. ಅತಿಯಾಗಿ ಹಣ್ಣಾದ ನೇರಳೆಯ ಬಣ್ಣ, ಬೆರಳಿಗೆ ಎಣ್ಣೆ ಅಂಟುವ ಮೈ, ಮೂಗಿನ ಹತ್ತಿರ ಹಿಡಿದರೆ ಸೋಂಪಿನ ವಾಸನೆ. ಪದ್ಮಯ್ಯ ಒದ್ದೆ ಟವಲು ಸುತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ಕೈಯ ನೂಲನ್ನೂ ಎಳೆದ. ಅದರ ತುದಿಯಲ್ಲಿದ್ದದ್ದು ಅವನೇ ಕಟ್ಟಿದ ಹುಳು. ಹುಂಜದ ಕತ್ತಿನ ಗರಿ, ಹೇಂಟೆಯ ಹೊಟ್ಟೆಯ ತುಪ್ಪುಳ, ಜೇನುಮೇಣ ತಿಕ್ಕಿದ ರೇಷ್ಮೆ ನೂಲು ಎಲ್ಲ ಹಾಕಿ ಮೂರು ಸಂಜೆ ಕೂತು ಕಟ್ಟಿದ್ದು. ಅದು ತೊಟ್ಟಿಯ ಈ ಕಡೆಯಿಂದ ಆ ಕಡೆಗೆ ಚರಂಡಿಯಲ್ಲಿ ಸತ್ತ ಕೋಳಿಮರಿಯ ಹಾಗೆ ತೇಲಿಕೊಂಡು ಹೋಯಿತು. ಕುಲುಕಲಿಲ್ಲ, ಬಳುಕಲಿಲ್ಲ. ಗೋಡೆಗೆ ತಾಗಿ ನಿಂತಿತು.

ಹಿತ್ತಲಲ್ಲಿ ಒಂದು ಹಾರೆ ಹಾಕಿದರೆ ನಿಜವಾದ ಎರೆಹುಳು ಬೇಕಾದಷ್ಟು ಸಿಗುತ್ತದೆ ಎನ್ನುವುದು ಅವನಿಗೂ ಗೊತ್ತಿತ್ತು. ಅಮೆರಿಕದಲ್ಲಿ ಯಾರೋ ಅದನ್ನು ನೋಡಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿದ್ದಾನೆ. ಆ ಎರಕವನ್ನು ನೋಡಿ ತಾನು ಕೋಳಿಗರಿಯಲ್ಲಿ ಕಟ್ಟಬೇಕು. ಹೇಳಿದವರು ಬೊಳ್ಳಪ್ಪ. ಇಂಗ್ಲಿಷ್ ದೊರೆ ತೋಟ ಮಾರಿ ಹಡಗು ಹತ್ತಿದಾಗ ಅವನ ಬಂಗಲೆ, ಅವನ ನಾಯಿ, ಗಾಳದ ಕ್ಲಬ್ಬಿನಲ್ಲಿ ಅವನ ಕುರ್ಚಿ ಎಲ್ಲವನ್ನೂ ಕೊಂಡುಕೊಂಡವರು. ದೊರೆಯ ತೋಟದ ಲೆಕ್ಕ ಬರೆಯುತ್ತಿದ್ದ ರೈಟರನ ಮಗನಾದ ಪದ್ಮಯ್ಯನಿಗೆ ಸಿಕ್ಕಿದ್ದು ಗಾಳಕ್ಕೆ ಗರಿ ಸುತ್ತಿ ಹುಳು, ಕ್ಲಬ್ಬಿನವರ ಮಾತಿನಲ್ಲಿ ಫ್ಲೈ, ಕಟ್ಟುವ ಒಂದು ಇಕ್ಕಳ ಮತ್ತು ಅದನ್ನು ಉಪಯೋಗಿಸುವ ಚಟ. ಬೊಳ್ಳಪ್ಪನವರ ಅಳಿಯ ನೌಕಾಪಡೆಯವನು, ತರಬೇತಿಗೆಂದು ಅಮೆರಿಕಕ್ಕೆ ಹೋಗಿಬಂದವನು, ಹೋದ ವಾರ ಈ ಹುಳುಗಳ ಪೊಟ್ಟಣ ತಂದು ಕಾವೇರಿಯಲ್ಲಿ ಎಸೆದು, ಕ್ಲಬ್ಬಿನ ಹಿರಿಯರು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಬಿಳಿಮೀನಿನ ಮೇಲೆ ಬಿಳಿಮೀನು ಎಳೆದಿದ್ದ. ಹಿರಿಯರು ಸಿಟ್ಟಿಗೆದ್ದು ಕಾನೂನು ಮಾಡಿದರು. ಕ್ಲಬ್ಬಿನ ನೀರಿನಲ್ಲಿ ಗರಿ, ಕೂದಲು, ನೂಲು ಇಷ್ಟರಿಂದ ಕಟ್ಟಿದ್ದಕ್ಕೆ ಮಾತ್ರ ಅವಕಾಶ. ಕೊಡಗು ಹೋಗಿ ಮೈಸೂರು ರಾಜ್ಯಕ್ಕೆ ಸೇರಿ, ಮಡಿಕೇರಿಯ ಫೈಲುಗಳೆಲ್ಲ ಬೆಂಗಳೂರಿಗೆ ಹೋಗತೊಡಗಿ ಐದಾರು ವರ್ಷವಾಗಿದ್ದರೂ ಕ್ಲಬ್ಬಿನ ಕಾನೂನು ಮಾತ್ರ ವಿಲಾಯತಿಯದೇ. "ಪದ್ಮಯ್ಯ, ಇದನ್ನ ಗರಿಯಲ್ಲಿ ಕಟ್ಟಿಕೊಡು" ಎಂದಿದ್ದರು ಬೊಳ್ಳಪ್ಪ. "ಇದೇ ಥರ ಕುಣೀಬೇಕು. ಕುಣಿದರೆ ನಿನ್ನ ಹೆಸರು ನಾನೇ ಕಮಿಟಿಗೆ ಹೇಳ್ತೇನೆ. ಮೆಂಬರ್ ಮಾಡ್ಸೋಣ."

ಮೆಂಬರ್. ಆ ಶಬ್ದ ಪದ್ಮಯ್ಯನ ಹೊಟ್ಟೆಯಲ್ಲಿ ಅಂದಿನಿಂದ ಬಿಸಿನೀರಿನ ಹಾಗೆ ಕೂತಿತ್ತು. ಅವನು ಕಟ್ಟಿದ ಗರಿಗಳಿಂದ ಹಿಡಿದ ಮೀನುಗಳ ಫೋಟೋಗಳು ಕ್ಲಬ್ಬಿನ ಗೋಡೆಯ ತುಂಬ ಇದ್ದವು. ಅವನು ಮಾತ್ರ ಅಲ್ಲಿಗೆ ಹೋಗುತ್ತಿದ್ದದ್ದು ಹಿಂದಿನ ವರಾಂಡದಿಂದ, ಬೀಡಿಕಟ್ಟಿನ ಹಾಗೆ ಕಾಗದದಲ್ಲಿ ಸುತ್ತಿದ ಗರಿಗಳನ್ನು ಕೊಡುವುದಕ್ಕೆ. ಒಮ್ಮೆ ಮಳೆ ಬಂದು ಒಳಗೆ ಕರೆದಿದ್ದರು. ಬಟ್ಲರ್ ಕುರ್ಚಿ ತರಹೊರಟವನು ಯಾರದ್ದೋ ಹುಬ್ಬು ಏರಿದ್ದನ್ನು ಕಂಡು ಅರ್ಧದಲ್ಲೇ ತಿರುಗಿ ಒಂದು ಸ್ಟೂಲು ತಂದ. ಬೂಟಿನ ಲೇಸು ಕಟ್ಟಿಕೊಳ್ಳುವ ಸ್ಟೂಲು. ಅದರ ಮೇಲೆ ಕೂತಾಗ ಪದ್ಮಯ್ಯನ ಮೂಗು ಸರಿಯಾಗಿ ಬೊಳ್ಳಪ್ಪನವರ ಬೆಲ್ಟಿನ ಮಟ್ಟಕ್ಕೆ ಬಂದಿತ್ತು. "ಈ ಫ್ಲೈ ನೀವೇ ಕಟ್ಟಿದ್ದಾ?" ಎಂದು ಯಾರೋ ಬೊಳ್ಳಪ್ಪನವರನ್ನು ಕೇಳಿದರು. ಆ ಬೆಲ್ಟು ಒಂದಿಷ್ಟೂ ಅಲುಗದೆ "ಹೌದು, ಟೈಮ್‌ಪಾಸಿಗೆ" ಎಂದಿತು. ಪದ್ಮಯ್ಯನೂ ತಲೆಯಾಡಿಸಿದ್ದ. ಯಾಕೆ ಆಡಿಸಿದೆ ಎಂದು ಕೇಳಿಕೊಂಡರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು.

"ಇದ್ ಎಂಥ ಮಾಡ್ತಾ ಒಳರಿ?"

ಬಾಗಿಲಲ್ಲಿ ಹೆಂಡತಿ ನೀಲಾವತಿ ನಿಂತಿದ್ದಳು. ಸೊಂಟಕ್ಕೆ ಸೆರಗು ಬಿಗಿದು, ತಲೆಗೆ ಬಟ್ಟೆ ಕಟ್ಟಿ, ಕಾಫಿಹಣ್ಣಿನ ರಸದಿಂದ ಬೆರಳು ಕಪ್ಪಾಗಿ. ಪಿಕ್ಕಿಂಗ್ ಶುರುವಾಗಿ ವಾರವಾಗಿತ್ತು. ಬೆಳಗಿನ ಮಂಜು ಬಿಡುವ ಮೊದಲೇ ಹೆಣ್ಣಾಳುಗಳ ಜೊತೆ ತೋಟಕ್ಕೆ ಇಳಿಯುತ್ತಿದ್ದವಳು ಅವಳು. ಅವನು ಹೆಸರಿಗೆ ಯಜಮಾನ.

"ಏನಿಲ್ಲೆ. ಒಂದ್ ಪರೀಕ್ಷೆ."

"ನಾ ನೀರ್ ಕಾಸಿದ್ದ್ ಮೀಯಿಕೆ. ಪರೀಕ್ಷೆಗಲ್ಲ." ಅವಳು ಬಗ್ಗಿ ನೋಡಿದಳು. ನೇರಳೆ ಹುಳುವನ್ನೂ ನೋಡಿದಳು, ಗಂಡನ ಟವಲನ್ನೂ ನೋಡಿದಳು. "ತೋಟದ ಕೆಲ್ಸದ ಮುತ್ತಿ ಕೇಳ್ತಿತ್ತ್, ಅಯ್ಯ ಮನೇಲಿ ಗೊಂಬೆ ಮಾಡ್ತಾ ಉಟ್ಟಂತೆ, ಹೌದಾ ಹೇಳಿ. ನಾ ಎಂಥ ಹೇಳೊಕು?"

"ಹೌದ್ ಹೇಳಿ ಹೇಳ್."

"ಹೇಳಿ ಆತ್." ಅವಳು ಚೊಂಬು ಎತ್ತಿಕೊಂಡಳು. "ಇಂದ್ ಮಧ್ಯಾಹ್ನ ಸಿದ್ದಾಪುರಲ್ಲಿ ಮಹಿಳಾ ಸಮಾಜದ ಸಭೆ ಉಟ್ಟು. ನನ್ನ ಪ್ರಾರ್ಥನೆಗೆ ಕರ್ದೊಳೊ. ಸ್ಟೇಜಿಗೆ. ನೆನ್ಪುಟ್ಟಾ?"

ನೆನಪಿದೆ ಎಂದ. ನೆನಪಿರಲಿಲ್ಲ. ಬೊಳ್ಳಪ್ಪನವರ ಜೀಪು ಮಧ್ಯಾಹ್ನ ಬರುತ್ತದೆ, ಅದರಲ್ಲೇ ಸಿದ್ದಾಪುರಕ್ಕೆ ಬಿಡಿಸುತ್ತೇನೆ ಎಂದು ಯಜಮಾನನ ಗತ್ತಿನಲ್ಲಿ ಹೇಳಿ, ಹುಳುಗಳೆರಡನ್ನೂ ಅಂಗೈಯಲ್ಲಿ ಹಿಡಿದು ಹೊರಬಂದ. ಟವಲು ಬಾಗಿಲಿನ ಚಿಲಕಕ್ಕೆ ಸಿಕ್ಕಿಕೊಂಡಿತು.

ಕೋಣೆಯಲ್ಲಿ ಕಿಟಕಿಯ ಹತ್ತಿರ ಅವನ ಮೇಜು. ಇಕ್ಕಳದಲ್ಲಿ ಕಚ್ಚಿಸಿದ ಖಾಲಿ ಗಾಳ. ಗರಿ ಆಗದು, ಗರಿಗೆ ಬೆನ್ನೆಲುಬಿದೆ. ಮೊಲದ ತುಪ್ಪುಳ ನೀರು ಕುಡಿದು ಮುದ್ದೆಯಾಗುತ್ತದೆ. ಬೆಕ್ಕಿನ ಬಾಲವನ್ನೂ ಪ್ರಯತ್ನಿಸಿದ್ದ. ಬೆಕ್ಕು ಈಗ ಅವನಿದ್ದ ಕೋಣೆಗೆ ಬರುತ್ತಿರಲಿಲ್ಲ. ತೆಳ್ಳಗಿರಬೇಕು, ಉದ್ದವಿರಬೇಕು, ನೀರಿಗೆ ಬಿದ್ದೊಡನೆ ತನಗೆ ಬೇರೆ ಜೀವ ಉಂಟು ಎನ್ನುವ ಹಾಗೆ ಹರಡಿಕೊಳ್ಳಬೇಕು. ತಲೆ ಎತ್ತಿದಾಗ ಕನ್ನಡಿಯ ಪಕ್ಕದ ಮೊಳೆಯಲ್ಲಿ ನೀಲಾವತಿಯ ಚೌರಿ ತೂಗುತ್ತಿತ್ತು. ಗಾಳಿಯೇ ಇಲ್ಲದಿದ್ದರೂ ಅದರ ತುದಿ ಸ್ವಲ್ಪ ಅಲ್ಲಾಡುತ್ತಿದೆ ಎಂದು ಅವನಿಗೆ ಕಂಡಿತು. ಅಲ್ಲಾಡುತ್ತಿರಲಿಲ್ಲವೇನೋ.

ಟೈಫಾಯ್ಡ್ ಬಂದ ವರ್ಷ ಅವಳ ಕೂದಲು ದಿಂಬಿನ ಮೇಲೆ ಹಿಡಿಹಿಡಿಯಾಗಿ ಉಳಿಯುತ್ತಿತ್ತು. ಅವಳ ತಾಯಿ, ಅತ್ತೆ ಯಮುನ ಬಂದು ಕೂತು ಅದನ್ನೆಲ್ಲ ಆರಿಸಿ ಗಂಟು ಕಟ್ಟಿಡುತ್ತಿದ್ದರು. ಅವರದೊಂದು ಬುಟ್ಟಿ ಅಟ್ಟದ ಮೇಲಿತ್ತು; ಮದುವೆಯಾದಂದಿನಿಂದ ಬಾಚಣಿಗೆಯಲ್ಲಿ ಬಂದ ತನ್ನ ಕೂದಲನ್ನು ಆ ಮುದುಕಿ ಜಿಪುಣರು ಕಾಸು ಕೂಡಿಡುವ ಹಾಗೆ ಕೂಡಿಟ್ಟಿದ್ದರು. ಎರಡನ್ನೂ ಸೇರಿಸಿ ಸಂತೆಗೆ ಬರುವ ಹೆಂಗಸಿನ ಕೈಲಿ ಈ ಚೌರಿ ಹೆಣೆಸಿದರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ನೀಲಾವತಿಯ ಕೂದಲು ಮತ್ತೆ ಬಂತು, ಆದರೆ ಇಲಿಬಾಲದಷ್ಟು. ಮನೆಯಿಂದ ಹೊರಡುವಾಗ ಅವಳು ಕನ್ನಡಿಯ ಮುಂದೆ ನಿಂತು ಈ ಚೌರಿಯನ್ನು ಸೇರಿಸಿ ಹೆಣೆದುಕೊಂಡು, ಜಡೆಯನ್ನು ಒಮ್ಮೆ ಮುಂದಕ್ಕೆ ಎಳೆದು ತೂಕ ನೋಡಿ ಹಿಂದಕ್ಕೆ ಬಿಡುತ್ತಿದ್ದಳು. ಆ ಬಿಡುವಿಕೆಯಲ್ಲಿ ಒಂದು ಠೀವಿ ಇತ್ತು. ಆ ಜ್ವರದ ದಿನಗಳಲ್ಲಿ ತಾನು ಎಲ್ಲಿದ್ದೆ? ಜಗಲಿಯಲ್ಲಿ. ಕೈ ಸುಮ್ಮನಿರಲಾರದು ಎಂದು ಗರಿ ಕಟ್ಟುತ್ತಿದ್ದೆ. ಒಳಗಿನಿಂದ ನರಳುವುದು ಕೇಳುತ್ತಿತ್ತು, ಆ ವರ್ಷ ಕಟ್ಟಿದ ಗರಿಗಳು ಬಹಳ ಚೆನ್ನಾಗಿ ಬಂದಿದ್ದವು.

ಒಂದು ಚಿಟಿಕೆ ಎಂದುಕೊಂಡ. ಬುಡದ ಕಡೆಯಿಂದ, ಕಾಣದ ಹಾಗೆ. ಕತ್ತರಿ ಕಚಕ್ ಎಂದಿತು. ಲೋಟದ ನೀರಿಗೆ ಇಳಿಬಿಟ್ಟ ಕೂಡಲೇ ಆ ಎಳೆಗಳು ಒಂದನ್ನೊಂದು ಬಿಟ್ಟುಕೊಟ್ಟು, ಬಳುಕಿ, ಸುತ್ತಿ, ಮತ್ತೆ ಬಿಚ್ಚಿ ನಿಂತಲ್ಲೇ ಈಜಿದವು. ಪದ್ಮಯ್ಯನ ಮೈ ಜುಮ್ಮೆಂದಿತು. ಅದು ಹೆದರಿಕೆಯೋ ಖುಷಿಯೋ ಅವನಿಗೆ ಬಗೆಹರಿಯಲಿಲ್ಲ, ಬಗೆಹರಿಸುವ ವ್ಯವಧಾನವೂ ಇರಲಿಲ್ಲ. ಒಂದು ಚಿಟಿಕೆ ತಲೆಗೆ ಸಾಕಾಯಿತು, ಹೊಟ್ಟೆಗೆ ಇನ್ನೊಂದು ಬೇಕಾಯಿತು, ಬಾಲಕ್ಕೆ ಉದ್ದದ್ದು ಬೇಕಾಯಿತು. ಪ್ರತಿ ಸಲ ಕತ್ತರಿ ಹಿಡಿದಾಗಲೂ ಇದೇ ಕೊನೆ ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿದ. ನೇರಳೆ ಬಣ್ಣ ಬರಲೆಂದು ಮಸಿಯಲ್ಲಿ ಅದ್ದಿದ, ನೂಲು ಸುತ್ತಿ ಅರಗು ಹಚ್ಚಿದ. ಇಕ್ಕಳದಿಂದ ಬಿಡಿಸಿ ಎತ್ತಿ ಹಿಡಿದಾಗ, ಇಷ್ಟು ವರ್ಷ ತಾನು ಕಟ್ಟಿದ್ದೆಲ್ಲ ಬರೀ ಕೋಳಿ ತರಿದ ಕಸ ಅನ್ನಿಸಿತು. ಇದು ಹುಳು. ಚೌರಿಯನ್ನು ಮೊಳೆಗೆ ಮತ್ತೆ ತೂಗುಹಾಕುವಾಗ ಅದು ಹಗುರವಾಗಿತ್ತು. ಅವನು ಅದರ ತೆಳ್ಳಗಿನ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿದ.

ಜೀಪು ಬಂದಾಗ ನೀಲಾವತಿ ಸಿದ್ಧಳಾಗಿದ್ದಳು. ಹಸಿರು ಸೀರೆ, ಜಡೆಗೆ ಒಂದು ಮೊಳ ಮಲ್ಲಿಗೆ. ಮಲ್ಲಿಗೆ ನಿಲ್ಲುತ್ತಿರಲಿಲ್ಲ, ಜಾರಿ ಜಾರಿ ಬರುತ್ತಿತ್ತು, ಅವಳು ಮತ್ತೆ ಮತ್ತೆ ಮೇಲೆ ಸಿಕ್ಕಿಸುತ್ತಿದ್ದಳು. ಪದ್ಮಯ್ಯ ದಿಟ್ಟಿಸಿ ನೋಡಿ, ಗೊತ್ತಾಗಿಲ್ಲ ಎಂದು ತೀರ್ಮಾನಿಸಿದ. ಇಂಥ ತೀರ್ಮಾನಗಳ ಮೇಲೆಯೇ ಅವನ ಸಂಸಾರ ಇಷ್ಟು ದೂರ ಬಂದಿತ್ತು.

ಅಳಿಯ ಜೀಪು ಬಿಡುತ್ತಿದ್ದ, ಪಕ್ಕದಲ್ಲಿ ಬೊಳ್ಳಪ್ಪ, ಹಿಂದೆ ಗಂಡಹೆಂಡತಿ ಎದುರುಬದುರಾಗಿ. ಗೇಟು ದಾಟುವ ಮೊದಲೇ ಬೊಳ್ಳಪ್ಪ ಹಿಂದಕ್ಕೆ ಕೈ ಚಾಚಿದರು. ಪದ್ಮಯ್ಯ ಕಾಗದ ಬಿಚ್ಚಿ ಅವರ ಅಂಗೈಯಲ್ಲಿ ಇಟ್ಟ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಬ್ಯೂಟಿಫುಲ್" ಎಂದರು ಬೊಳ್ಳಪ್ಪ ಕೊನೆಗೆ. "ಅಳಿಯ, ನೋಡಿಲ್ಲಿ, ನಿನ್ನ ಅಮೆರಿಕ ಎಲ್ಲಾ ವೇಸ್ಟ್." ಒಣಗಿದ ಫ್ಲೈಯನ್ನು ಮೊದಲು ಬಾಯಲ್ಲಿ ನೆನೆಸಿ ನೋಡುವುದು ಹಳೆಯ ದೊರೆಯ ಪದ್ಧತಿ, ದೊರೆಯ ಕುರ್ಚಿಯ ಜೊತೆ ಅದನ್ನೂ ಬೊಳ್ಳಪ್ಪ ಕೊಂಡಿದ್ದರು. ಗಾಳದ ಮೊನೆ ಹೊರಗಿಟ್ಟು, ಬಾಲವನ್ನು ತುಟಿಯೊಳಗೆ ಎಳೆದುಕೊಂಡು ಚೀಪಿದರು. ಎಳೆಗಳು ಮೀಸೆಗೆ ಅಂಟಿಕೊಂಡವು. "ಒಳ್ಳೇ ಸಾಫ್ಟ್ ಉಂಟು. ಯಾವ ಪ್ರಾಣಿದಯ್ಯಾ ಇದು?"

"ಕರಡಿ" ಎಂದ ಪದ್ಮಯ್ಯ. "ಬಾಳೆಲೆ ಊರ ಕಡೆಯಿಂದ ತರಿಸಿದ್ದು."

"ಕರಡಿಯಲ್ಲ" ಎಂದಳು ನೀಲಾವತಿ. ಬೊಳ್ಳಪ್ಪನವರಿಗೆ ಅರ್ಥವಾಗಲೆಂದು ಮನೆಯ ಅರೆಭಾಷೆ ಬಿಟ್ಟು ಒಳ್ಳೆಯ ಪುಸ್ತಕದ ಕನ್ನಡದಲ್ಲೇ, ಪ್ರಾರ್ಥನೆಗೆ ಅಭ್ಯಾಸ ಮಾಡಿದ್ದ ಸ್ವರದಲ್ಲೇ ಹೇಳಿದಳು: "ಅದು ನನ್ನ ತಾಯಿಯ ಕೂದಲು. ಸ್ವಲ್ಪ ನನ್ನದೂ ಇರಬಹುದು. ಅವರು ತೀರಿಕೊಂಡಿದ್ದಾರೆ."

ಬೊಳ್ಳಪ್ಪ ಚೀಪುವುದನ್ನು ನಿಲ್ಲಿಸಿದರು. ಉಗುಳುವುದು ಸತ್ತವರಿಗೆ ಅವಮಾನ, ನುಂಗುವುದು ಸಾಧ್ಯವಿಲ್ಲ. ಬಾಯಿ ಹಾಗೇ ಇಟ್ಟುಕೊಂಡು ದಾರಿಯ ಒಂದು ತಿರುವು ಪೂರ್ತಿ ಕಳೆದರು. ಅಳಿಯನ ಕತ್ತು ಕೆಂಪಾಗಿ ಭುಜ ಕುಲುಕತೊಡಗಿತು. ಬೊಳ್ಳಪ್ಪ ಮೆಲ್ಲನೆ ಎರಡು ಬೆರಳಿಂದ ಫ್ಲೈಯನ್ನು ಹೊರತೆಗೆದು, ಮೀಸೆ ಒರೆಸಿಕೊಂಡು, ಕರ್ಚೀಫಿನಲ್ಲಿ ಸುತ್ತಿ, ತಿರುಗಿ ನೋಡದೆ ಪದ್ಮಯ್ಯನ ಕಡೆಗೆ ಚಾಚಿದರು. ಪದ್ಮಯ್ಯ ತನ್ನ ಮೊಣಕಾಲನ್ನು ನೋಡುತ್ತಿದ್ದ. ಮೊಣಕಾಲಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಮೊದ್ಲು ಇವ್ರನ್ನ ಸಿದ್ದಾಪುರಕ್ಕೆ ಬಿಟ್ಟು ಬರೋಣ" ಎಂದರು ಬೊಳ್ಳಪ್ಪ.

"ಬೇಡ. ಮೊದಲು ಹೊಳೆಗೇ ಹೋಗೋಣ" ಎಂದಳು ನೀಲಾವತಿ. "ಏನು ಹಿಡೀತಾರೆ ಅಂತ ನೋಡ್ಬೇಕು."

ಹೊಳೆಯಲ್ಲಿ ನೀರು ತಿಳಿಯಾಗಿತ್ತು. ಮೇಲೆ ದುಬಾರೆಯಲ್ಲಿ ಆನೆಗಳನ್ನು ಮೀಯಿಸುತ್ತಿದ್ದರೋ ಏನೋ, ಲದ್ದಿಯ ಉಂಡೆಗಳು ಗಂಭೀರವಾಗಿ ತೇಲಿ ಬರುತ್ತಿದ್ದವು. ನೀಲಾವತಿ ಬಂಡೆಯ ಮೇಲೆ ಸೀರೆ ಒತ್ತಿ ಕೂತಳು. ಬೊಳ್ಳಪ್ಪ ಗಾಳದ ಕೋಲು ಜೋಡಿಸಿದರು, ಕರ್ಚೀಫು ಬಿಚ್ಚಿ ದಾರಕ್ಕೆ ಹುಳುವನ್ನು ಕಟ್ಟಲು ಬಗ್ಗಿದರು, ಮತ್ತೆ ನೆಟ್ಟಗಾದರು. ಅವರ ಕೈ ಅದನ್ನು ಮುಟ್ಟಲು ಒಪ್ಪಲಿಲ್ಲ. ಅಳಿಯನನ್ನು ನೋಡಿದರು, ಅವನು ಕ್ಯಾಮೆರಾ ಒರೆಸುವುದರಲ್ಲಿ ಮಗ್ನನಾದ. "ಪದ್ಮಯ್ಯ, ನೀನೇ ಎಸಿ" ಎಂದರು. "ಮೆಂಬರಲ್ಲ, ನಿಜ. ಯಾರೂ ನೋಡ್ತಾ ಇಲ್ಲ."

ಈ ನೀರಿಗೆ ಪದ್ಮಯ್ಯ ಗಾಳ ಎಸೆದದ್ದು ಅದೇ ಮೊದಲು. ದೊರೆಯ ಕಾಲದಲ್ಲಿ ಚೀಲ ಹೊತ್ತು ದಡದಲ್ಲಿ ನಿಂತು, ಬರಿಗೈಯನ್ನು ಗಾಳಿಯಲ್ಲಿ ಬೀಸಿ ಬೀಸಿ ಕಲಿತಿದ್ದ. ಕೋಲು ಬಾಗಿತು, ದಾರ ಬಿಚ್ಚಿಕೊಂಡು ಹೋಯಿತು, ಬಂಡೆಯ ನೆರಳಿನಲ್ಲಿ ಹುಳು ಸದ್ದಿಲ್ಲದೆ ಇಳಿಯಿತು. ಅವನು ಮೆಲ್ಲನೆ ಎಳೆದ. ತಿಳಿನೀರಿನಲ್ಲಿ ಅದು ಬಳುಕಿಕೊಂಡು ಬರುವುದು ಕಂಡಿತು, ತಲೆಯಿಂದ ಬಾಲಕ್ಕೆ ಒಂದು ಅಲೆ, ಒಂದು ನಿಲುಗಡೆ, ಮತ್ತೆ ಅಲೆ. ಅತ್ತೆ ಅಂಗಳದಲ್ಲಿ ತಲೆಕೂದಲು ಒಣಗಿಸುತ್ತಾ ಕೂತಿರುತ್ತಿದ್ದುದು ನೆನಪಾಗಿ ಅವನಿಗೆ ಎಳೆಯುವುದೇ ನಾಚಿಕೆಯಾಯಿತು. ನಿಲ್ಲಿಸಿಬಿಡೋಣ ಎಂದುಕೊಂಡ. ಹುಳು ನಿಂತಿತು. ನಿಂತದ್ದೇ ತಡ, ನೆರಳಿನಿಂದ ನೆರಳಿಗಿಂತ ದೊಡ್ಡದೊಂದು ಎದ್ದುಬಂದು ಅದನ್ನು ನುಂಗಿತು.

ಆಮೇಲಿನದು ಅವನ ಕೈಗಳಿಗೆ ಮಾತ್ರ ಗೊತ್ತು. ಅವನು ನೀರಿಗಿಳಿದ, ಬಿದ್ದ, ಎದ್ದ, ಹಲ್ಲು ಕಚ್ಚಿ ಅತ್ತನೋ ನಕ್ಕನೋ ತಿಳಿಯಲಿಲ್ಲ. ನಾಚಿಕೆ ಎಂಬುದು ಎಲ್ಲಿ ಹೋಯಿತೋ. ಮೀನು ಹೊಳೆಯನ್ನೆಲ್ಲ ಸುತ್ತಿಸಿ, ಕೊನೆಗೆ ದಣಿದು, ಆಳವಿಲ್ಲದ ಕಡೆ ಮಗ್ಗುಲಾಯಿತು. ಅಂಗೈಯಗಲದ ಹೊಂಬಣ್ಣದ ಹುರುಪೆಗಳು, ಮುದುಕಿಯ ವಸಡಿನಂಥ ದಪ್ಪ ತುಟಿ, ತುಟಿಯ ಅಂಚಿಗೆ ನೇರಳೆ ಬಣ್ಣದ ಜುಟ್ಟು. ಪದ್ಮಯ್ಯ ಅದರ ಹೊಟ್ಟೆಯ ಕೆಳಗೆ ಕೈಯಿಟ್ಟು ತಲೆ ಎತ್ತಿದ. ನೀಲಾವತಿ ಬಂಡೆಯ ಮೇಲೆ ಎದ್ದು ನಿಂತಿದ್ದಳು.

"ಫೋಟೋ, ಫೋಟೋ" ಎಂದರು ಬೊಳ್ಳಪ್ಪ. ಬೂಟು ಸಮೇತ ನೀರಿಗೆ ಇಳಿದುಬಂದು ಮೀನನ್ನು ಪದ್ಮಯ್ಯನ ಕೈಯಿಂದ ತಮ್ಮ ತೋಳಿಗೆ ಎತ್ತಿಕೊಂಡರು, ಬಾಣಂತಿ ಮನೆಯಲ್ಲಿ ನೆಂಟರು ಕೂಸು ಎತ್ತಿಕೊಳ್ಳುವ ಹಾಗೆ, ಕೇಳುವ ಪ್ರಶ್ನೆಯೇ ಇಲ್ಲ ಎನ್ನುವ ಹಾಗೆ. "ಕ್ಲಬ್ಬಿನ ಗೋಡೆಗೆ ಇದು. ಪದ್ಮಯ್ಯ, ಒಂಚೂರು ಪಕ್ಕಕ್ಕೆ ಹೋಗು. ಇನ್ನೂ ಸ್ವಲ್ಪ. ನೆರಳು ಬೀಳ್ತದೆ."

ಪದ್ಮಯ್ಯ ಪಕ್ಕಕ್ಕೆ ಹೋದ. ಇನ್ನೂ ಸ್ವಲ್ಪ ಹೋದ. ತಾನು ಹೋಗುತ್ತಿರುವುದನ್ನು ತಾನೇ ದೂರದಿಂದ ನೋಡಿದ; ಒದ್ದೆ ಪಂಚೆಯ ಒಬ್ಬ ಮನುಷ್ಯ ಫೋಟೋದಿಂದ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾನೆ, ಮುಖದಲ್ಲಿ ಆಜ್ಞಾಧಾರಕ ನಗು. ಅಷ್ಟರಲ್ಲಿ ನೀಲಾವತಿ ಸೀರೆ ಎತ್ತಿಕಟ್ಟಿ ನೀರಿಗಿಳಿದು ನೆಟ್ಟಗೆ ಬೊಳ್ಳಪ್ಪನವರ ಎದುರಿಗೆ ಬಂದು ನಿಂತಳು. ಅಳಿಯ ಕ್ಯಾಮೆರಾದಿಂದ ಕಣ್ಣು ತೆಗೆದ.

"ನನ್ನ ಅವ್ವಂದ್ ಕೊಡಿ" ಎಂದು, ಅವರು ಏನಾದರೂ ಹೇಳುವ ಮೊದಲೇ, ಮೀನಿನ ಬಾಯಿಗೆ ಕೈಹಾಕಿ ಗಾಳವನ್ನು ತಿರುಚಿ ಎಳೆದಳು. ಅದುವರೆಗೆ ಸತ್ತಂತಿದ್ದ ಮೀನಿಗೆ ತಾನು ಬದುಕಿರುವುದು ನೆನಪಾಯಿತು. ಅದು ಬಾಲ ಎತ್ತಿ ಬೊಳ್ಳಪ್ಪನವರ ಕೆನ್ನೆಗೆ ಬಾರಿಸಿತು. ಬೊಳ್ಳಪ್ಪ ಕಾವೇರಿಯಲ್ಲಿ ಕೂತರು. ಹ್ಯಾಟು ತೇಲಿತು, ಲದ್ದಿಯ ಒಂದು ಉಂಡೆ ಅದರ ಜೊತೆ ಸೇರಿಕೊಂಡಿತು, ಮೀನು ಯಾರಿಗೂ ಏನೂ ಹೇಳದೆ ಆಳಕ್ಕೆ ಹೊರಟುಹೋಯಿತು.

ಕೈಕೊಟ್ಟು ಎಬ್ಬಿಸಬೇಕು ಎಂದು ಪದ್ಮಯ್ಯನಿಗೆ ಗೊತ್ತಿತ್ತು. ಕೈ ಚಾಚಿದ್ದ ಕೂಡ. ಆದರೆ ನೀರಿನಲ್ಲಿ ಕೂತ ಬೊಳ್ಳಪ್ಪನವರ ಮುಖ ಈಗ ಸರಿಯಾಗಿ ಅವನ ಸೊಂಟದ ಮಟ್ಟದಲ್ಲಿತ್ತು. ಅದನ್ನು ಕಂಡದ್ದೇ ಅವನ ಹೊಟ್ಟೆಯ ತಳದಿಂದ ಒಂದು ನಗು ಎದ್ದಿತು. ತಡೆದ. ಮೂಗಿನಿಂದ ಬಂತು. ಮುಖ ಮುಚ್ಚಿಕೊಂಡ, ಬೆರಳ ಸಂದಿಯಿಂದ ಬಂತು. ಕೊನೆಗೆ ಮೊಣಕಾಲು ಹಿಡಿದುಕೊಂಡು, ಅಳಿಯನೂ ಗಾಬರಿಯಾಗುವ ಹಾಗೆ, ಹೊಳೆಯ ಆ ದಡಕ್ಕೆ ಕೇಳುವ ಹಾಗೆ ನಕ್ಕ. ಬೊಳ್ಳಪ್ಪ ಅವನನ್ನು ನೋಡಿದರು. ಸಿಟ್ಟಿನಿಂದಲ್ಲ; ಸ್ಟೂಲು ಮಾತಾಡಿದ್ದನ್ನು ಕೇಳಿದವರ ಹಾಗೆ. ಮೆಂಬರ್ ಎಂಬ ಶಬ್ದ ಹ್ಯಾಟಿನ ಹಿಂದೆಯೇ ತೇಲಿಹೋಗುತ್ತಿರುವುದು ಪದ್ಮಯ್ಯನಿಗೆ ಸ್ಪಷ್ಟವಾಗಿ ಕಂಡಿತು. ಕಂಡೂ ನಗು ನಿಲ್ಲಲಿಲ್ಲ.

ನೀಲಾವತಿ ನಗಲಿಲ್ಲ. ಅವಳು ಆಗಲೇ ದಡ ಹತ್ತಿ ರಸ್ತೆಯ ಕಡೆಗೆ ನಡೆದಿದ್ದಳು.

ಅವನು ಪಂಚೆ ಹಿಂಡಿಕೊಂಡು ಓಡಿ ಅವಳನ್ನು ಹಿಡಿದಾಗ ಅವಳು ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಮಲ್ಲಿಗೆ ಎಲ್ಲೋ ಬಿದ್ದುಹೋಗಿತ್ತು. ಜಡೆ ಭುಜದ ಮುಂದಕ್ಕಿತ್ತು. ಅರ್ಧದವರೆಗೆ ಜಡೆ, ಆಮೇಲೆ ಬರೀ ಜುಂಗು. ಅವನ ನಗು ಇನ್ನೂ ಬಿಕ್ಕಳಿಕೆಯಾಗಿ ಬರುತ್ತಿತ್ತು. ಅವಳ ಮುಖ ನೋಡಿ ಅದೂ ನಿಂತಿತು. ಏನಾದರೂ ಹೇಳಬೇಕು ಎಂದು ಬಾಯಿ ತೆರೆದ. ಒಂದು ಚಿಟಿಕೆ ಅಂತ ತೆಗೆದದ್ದು, ಎಂದು ಶುರುಮಾಡಬಹುದಿತ್ತು. ಹಾಗೆ ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ಅವನಿಗೇ ಅಸಹ್ಯವಾಗಿ, ಪಂಚೆಯ ತುದಿಯನ್ನು ಇನ್ನೊಮ್ಮೆ ಹಿಂಡಿದ.

ಅವಳು ಕೈ ಮುಂದೆ ಮಾಡಿ, ದಾರದಿಂದ ಬಿಡಿಸಿ ತಂದಿದ್ದ ಹುಳುವನ್ನು ಅವನ ಅಂಗೈಗೆ ಹಾಕಿದಳು.

"ಇದರ ಬಿಚ್ಚಿ."

"ಇಲ್ಲಿಯಾ?"

"ಇಲ್ಲೇ."

ಅವನು ಪಕ್ಕದಲ್ಲಿ ಕೂತ. ಕತ್ತರಿಯಿರಲಿಲ್ಲ. ಉಗುರಿನಿಂದ ನೂಲಿನ ತುದಿ ಹುಡುಕಿದ; ಸಿಗಲಿಲ್ಲ. ಸಿಗಬಾರದು ಎಂದೇ ಅವನು ಅದನ್ನು ಅಡಗಿಸಿ, ಅರಗು ಹಚ್ಚಿ ಮುಚ್ಚಿದ್ದ. ಒಳ್ಳೆಯ ಕೆಲಸದ ಲಕ್ಷಣವೇ ಅದು. ಕೊನೆಗೆ ಬಾಯಿಗೆ ಹಾಕಿಕೊಂಡು ಗಂಟನ್ನು ಕಚ್ಚಿದ. ಮೀನಿನ ಲೋಳೆ, ಮಸಿ, ಹೊಳೆಯ ಕೆಸರು, ಬೊಳ್ಳಪ್ಪನವರ ಚುಟ್ಟಾ, ಇವೆಲ್ಲದರ ಅಡಿಯಲ್ಲಿ, ಎಷ್ಟು ತೊಳೆದರೂ ಹೋಗದ ಕೊಬ್ಬರಿ ಎಣ್ಣೆ. ಅವನು ಇನ್ನೂ ಗಟ್ಟಿಯಾಗಿ ಕಚ್ಚಿದ. ಅರಗು ಒಡೆಯಿತು.

ನೂಲು ಸುತ್ತುಸುತ್ತಾಗಿ ಬಿಚ್ಚಿಕೊಂಡಿತು. ಬೆಳಗ್ಗೆ ಉಸಿರು ಬಿಗಿಹಿಡಿದು ಹಾಕಿದ ಸುತ್ತುಗಳು. ಅವನು ಎಳೆಗಳನ್ನು ಒಂದೊಂದಾಗಿ ಬಿಡಿಸಿ ಅವಳ ತೆರೆದ ಅಂಗೈಯಲ್ಲಿ ಇಡುತ್ತಾ ಹೋದ. ಕಾಫಿಹಣ್ಣಿನ ಕಪ್ಪು ಹಿಡಿದ ಆ ಅಂಗೈ ಸ್ವಲ್ಪವೂ ಅಲುಗಲಿಲ್ಲ. ಸಿದ್ದಾಪುರದ ಬಸ್ಸು ಬಂದು ನಿಧಾನಿಸಿತು. ಕಂಡಕ್ಟರು ತಲೆ ಹೊರಗೆ ಹಾಕಿ, "ಸಭೆಗಾ ಅಮ್ಮ? ಸಮಾಜದ ವಿಶಾಲಾಕ್ಷಮ್ಮ ಕಾಯ್ತಾ ಅವ್ರೆ" ಎಂದ. ನೀಲಾವತಿ ಕಣ್ಣೆತ್ತದೆ ಬೇಡವೆಂದು ತಲೆಯಾಡಿಸಿದಳು. ಬಸ್ಸು ಹೋಯಿತು. ಅದು ಎಬ್ಬಿಸಿದ ಗಾಳಿಗೆ ಕೂದಲು ಹಾರದ ಹಾಗೆ ಪದ್ಮಯ್ಯ ತನ್ನ ಕೈಯನ್ನು ಅವಳ ಕೈಯ ಮೇಲೆ ಅಡ್ಡ ಹಿಡಿದ. ಮುಟ್ಟಲಿಲ್ಲ, ಮರೆಯಾಗಿ ಮಾತ್ರ ಹಿಡಿದ.

ಖಾಲಿ ಗಾಳ ಅವನ ಬೆರಳಲ್ಲಿ ಉಳಿಯಿತು. ಅಂಗೈಯ ಮೇಲಿನ ಎಳೆಗಳು ನೂಲು ಬಿಗಿದಲ್ಲೆಲ್ಲ ಸುರುಳಿ ಸುರುಳಿಯಾಗಿ, ಬಿಚ್ಚಿದರೂ ಹುಳುವಿನ ಹಾಗೆಯೇ ಮುದುಡಿಕೊಂಡಿದ್ದವು. ಅವನು ಒಂದನ್ನು ಎರಡು ಬೆರಳಿಂದ ನೀವಿ ನೆಟ್ಟಗೆ ಮಾಡಿದ. ಬಿಟ್ಟ ಕೂಡಲೇ ಮತ್ತೆ ಸುತ್ತಿಕೊಂಡಿತು.

"ಸುರುಳಿ ಹೋಗ್ತಾ ಇಲ್ಲೆ" ಎಂದ, ಅವಳ ಮುಖ ನೋಡದೆ.

ನೀಲಾವತಿ ಅಂಗೈ ಮುಚ್ಚಿದಳು.

"ಒಣಗಿದ ಮೇಲೆ ನೋಡೊಕು" ಎಂದಳು.